ಮಾಸ್ತರರು ಬರೆದ ಕಣ್ಣು

ಪರವಾನಗಿಯ ಕಾಗದದಲ್ಲಿ ಆರು ಕಲಮುಗಳಿದ್ದವು. ಐದು ನನಗೆ ಮರೆತುಹೋಗಿವೆ. ನಾಲ್ಕನೆಯದು ಹೀಗಿತ್ತು: ತಪಾಸಣೆಗೆ ಇಡುವ ಯಾವ ಕೆಲಸದಲ್ಲೂ ಶಿಕ್ಷಕನ ಕೈ ಆಡಿರಬಾರದು, ಆಡಿದ್ದು ಕಂಡುಬಂದರೆ ಇಡೀ ತರಗತಿ ರದ್ದು.

ಹೆಡ್ ಮಾಸ್ತರ ಹನುಮಂತಪ್ಪನವರು ಆ ಉರ್ದು ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದರು.

"ತಿಳೀತೇನ್ರಿ ಉಮಾಪತಿ?"

"ತಿಳೀತ್ರಿ."

"ನಿಮಗ ತಿಳೀತದ. ನಿಮ್ಮ ಕೈಗೆ ತಿಳೀಬೇಕಲ್ಲ."

ವಿದ್ಯಾರ್ಥಿ ಎಳೆದ ಗೆರೆ ಸೊಟ್ಟಗಿದ್ದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಪೆನ್ಸಿಲು ಕಸಿದುಕೊಂಡು ತಿದ್ದಿಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಅದು ೧೯೪೩. ಕೊಪ್ಪಳದ ನಮ್ಮ ಹೈಸ್ಕೂಲಿನಲ್ಲಿ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲ ಸರಕಾರದ ಭಾಷೆಯಾದ ಉರ್ದುವಿನಲ್ಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ, ಒಂಬತ್ತು ಮತ್ತು ಹತ್ತನೆಯ ತರಗತಿಗಳಿಂದ ಆರಿಸಿದ ಹನ್ನೊಂದು ಮಂದಿಗೆ ಚಿತ್ರ ಮತ್ತು ನಾಟಕದ ವಿಶೇಷ ತರಗತಿ, ಅದೂ ಕನ್ನಡದಲ್ಲಿ. ಅದಕ್ಕಾಗಿ ನಾನು ಹದಿನಾಲ್ಕು ಅರ್ಜಿ ಬರೆದಿದ್ದೆ. ಎರಡು ವರ್ಷ ನಡೆಸಿ ನೋಡಿ ಎಂದು ಒಪ್ಪಿಗೆ ಬಂದಿತ್ತು. ಎರಡನೆಯ ವರ್ಷದ ಕೊನೆಗೆ ರಾಯಚೂರಿನಿಂದ ಶಾಲಾ ತಪಾಸಣೆಯ ಸಾಹೇಬರು ಬರುತ್ತಾರೆ. ಅವರು ಹೂಂ ಎಂದರೆ ತರಗತಿ ಕಾಯಂ, ಇಲ್ಲದಿದ್ದರೆ ಆ ಎರಡು ತಾಸಿಗೂ ಭೂಗೋಳ.

ಸಾಹೇಬರಿಗೆ ತೋರಿಸಲು ನಾನೇ ಒಂದು ನಾಟಕ ಬರೆದೆ. ಹಾಡಿಲ್ಲ, ರಾಜನಿಲ್ಲ. ಮನೆ ಬಿಟ್ಟು ಹೋದ ಮಗ ಹನ್ನೆರಡು ವರ್ಷದ ಮೇಲೆ ಬರುತ್ತಾನೆ. ತಾಯಿ ತೀರಿಹೋಗಿದ್ದಾಳೆ. ತಮ್ಮ ಅವಳ ಕಟ್ಟಿಗೆಯ ಪ್ರತಿಮೆ ಮಾಡಿಸಿ ಪಡಸಾಲೆಯಲ್ಲಿಟ್ಟಿದ್ದಾನೆ. ಮಗ ಅದರ ಕಣ್ಣು ನೋಡುತ್ತಾನೆ, ಕೂಡಲಾರದೆ ಎದ್ದು ಹೋಗುತ್ತಾನೆ. ಅಷ್ಟೇ. ಜನ ಮನೆಯಲ್ಲಿ ಮಾತಾಡುವ ಹಾಗೆ ರಂಗದ ಮೇಲೂ ಮಾತಾಡಬೇಕು ಎಂಬುದು ನನ್ನ ಹಟ.

ಮಗನ ಪಾತ್ರ ಬೇವೂರಿನ ಗವಿಸಿದ್ದಪ್ಪನದು. ಅವನ ಮನೆಯವರೆಲ್ಲ ದೊಡ್ಡಾಟದವರು. ಪ್ರತಿ ಮಾತಿಗೂ ಒಂದು ಸಲ ನೆಲ ಒದೆಯುತ್ತಿದ್ದ.

"ಬಾಗಲಾ ತಗದು ಸುಮ್ನ ಒಳಗ ಬಾ. ಅಷ್ಟ ಮಾಡು," ಎಂದೆ ಇಪ್ಪತ್ತನೆಯ ಸಲ.

"ಸುಮ್ನ ಹೆಂಗ ಬರೂದ್ರಿ ಮಾಸ್ತರ? ಯಾರು ಬಂದ್ರು ಅಂತ ಮಂದಿಗೆ ಗೊತ್ತಾಗಬ್ಯಾಡೇನ್ರಿ?"

ಸಂಗೀತದ ಚಾಂದಸಾಬರು ಹಾರ್ಮೋನಿಯಂ ಪೇಟಿಯ ಹಿಂದಿನಿಂದಲೇ ನಕ್ಕರು. ಹಿಂದೆ ಒಂದು ನಾಟಕ ಕಂಪನಿಯಲ್ಲಿದ್ದವರು.

"ಬರೋಬರಿ ಕೇಳ್ಯಾನ ನೋಡ್ರಿ. ನಿಮ್ಮ ನಾಟಕದಾಗ ಹಾಡಿಲ್ಲ, ಕತ್ತಿ ಇಲ್ಲ, ಕಡೀಕ ತಾಯೀನೂ ಇಲ್ಲ, ಕಟಗಿ ಗೊಂಬಿ ಐತಿ. ನಾ ಯಾಕ ಈ ಪೇಟಿ ಹೊತ್ಕೊಂಡು ಬರ್ಲಿ ದಿನಾ?"

"ನೀವು ಸುಮ್ಮನಿರೂದ ಇದರಾಗಿನ ಸಂಗೀತ, ಚಾಂದಸಾಬ."

"ಅದಕ್ಕ ಪೇಟಿ ಯಾಕ ಬೇಕ್ರಿ, ನನ್ನ ಹೇಣತಿ ಮನ್ಯಾಗ ಕಲಿಸ್ಯಾಳ."

ಹುಡುಗರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಭರವಸೆಯೆಲ್ಲ ವೆಂಕೋಬನ ಮೇಲಿತ್ತು. ಹತ್ತನೆಯ ತರಗತಿಯವನು, ಕಿನ್ನಾಳದ ಚಿತ್ರಗಾರರ ಮನೆಯವನು. ಗೊಂಬೆ ಮಾಡುವುದು ಅವನ ಮನೆಯಲ್ಲಿ ಉಣ್ಣುವಷ್ಟೇ ಸಹಜ. ಪ್ರತಿಮೆಯನ್ನು ನಾಲ್ಕು ತಿಂಗಳು ಕೂತು ಮಾಡಿದ. ಹಗುರ ಮರವನ್ನು ಕೆತ್ತಿ, ಸಣಬಿನ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಮೇಲೆ ಬಳಿದು, ಒಣಗಿಸಿ, ತಿಕ್ಕಿ, ಬಣ್ಣ ಹಾಕಿದ. ಮುಖಕ್ಕೆ ಶಾಲೆಗೆ ನೀರು ತರುವ ದುರುಗವ್ವನನ್ನು ನೋಡಿಕೊಂಡಿದ್ದ. ವಯಸ್ಸು ಮಾತ್ರ ಇಪ್ಪತ್ತು ವರ್ಷ ಏರಿಸಿದ್ದ. ದುರುಗವ್ವ ಕೊಡ ಇಳಿಸುವಾಗಲೆಲ್ಲ ಅದರ ಮುಂದೆ ನಿಂತು, "ಏ ವೆಂಕ್ಯಾ, ನನ್ನ ಹಲ್ಲು ಯಾವಾಗ ಉದುರಿಸಿದ್ಯೋ?" ಎನ್ನುತ್ತಿದ್ದಳು.

ತಪಾಸಣೆಗೆ ಹತ್ತು ದಿನವಿರುವಾಗ ಎಲ್ಲ ಮುಗಿದಿತ್ತು. ಸೀರೆಯ ಅಂಚು, ಕುಂಕುಮ, ಕುತ್ತಿಗೆಯ ಸುಕ್ಕು. ಕಣ್ಣಿನ ಜಾಗ ಮಾತ್ರ ಬರೀ ಬಿಳುಪು.

"ಕಣ್ಣು?" ಎಂದೆ.

"ಕಣ್ಣು ಕಡೀಕ್ರಿ."

"ಕಡೀಕ ಅಂದ್ರ ಯಾವಾಗೋ?"

"ಆಕಿ ಹೋಗೂ ಮನಿ ಗೊತ್ತಾದ ಮ್ಯಾಲ್ರಿ. ಒಯ್ಯೋರು ಬಂದು ಎದುರಿಗೆ ಕುಂತ ಮ್ಯಾಲ ಬರೀತೀವಿ. ಕಣ್ಣ ಬಿಟ್ಟ ಕೂಡಲೆ ಆಕಿ ಮೊದಲು ತನ್ನ ಮನಿಯವ್ರನ್ನ ನೋಡಬೇಕ್ರಿ. ನಮ್ಮ ಮನ್ಯಾಗ ಹಂಗ ನಡಕೋತ ಬಂದದ."

"ಇದು ದೇವರಲ್ಲೋ ಮಾರಾಯ. ನಾಟಕದ ಸಾಮಾನು."

"ದೇವರಲ್ಲ ಖರೆ ಮಾಸ್ತರ. ಹೆಣ್ಣಮಗಳು ಅದಾಳಲ್ರಿ."

"ಹಂಗಾರ ಈ ಸಾಲೀನ ಆಕಿ ಮನಿ ಅಂತ ತಿಳಕೋ. ನಾ ಎದುರಿಗೆ ಕೂಡ್ತೀನಿ, ಬರಿ."

ವೆಂಕೋಬ ಸ್ವಲ್ಪ ಹೊತ್ತು ಕುಂಚ ಒರೆಸಿದ. "ನೀವೇನು ಮನಿಗೆ ಒಯ್ಯೂದಿಲ್ಲಲ್ರಿ. ನಾಟಕ ಮುಗಿದ ಮ್ಯಾಲ ಅಲಮಾರ್ಯಾಗ ಇಟ್ಟು ಕೀಲಿ ಹಾಕ್ತೀರಿ."

ಬೈದೆ. ಬೇಡಿಕೊಂಡೆ. ಸಂಪ್ರದಾಯ ಬೇರೆ, ಕಲೆ ಬೇರೆ ಎಂದು ಒಂದು ತಾಸು ಉಪನ್ಯಾಸ ಕೊಟ್ಟೆ. ಈ ತರಗತಿ ಇದೆಯೆಂದೇ ನಿನ್ನ ಅಪ್ಪ ನಿನ್ನನ್ನು ಶಾಲೆಗೆ ಬಿಟ್ಟಿದ್ದಾನೆ, ಇದು ಮುಚ್ಚಿದರೆ ನಾಳೆಯೇ ಕರೆದೊಯ್ಯುತ್ತಾನೆ ಎಂದು ಹೆದರಿಸಿದೆ. ಎಲ್ಲದಕ್ಕೂ ಅವನು ತಲೆಯಾಡಿಸಿದ. ಕಪ್ಪು ಅರೆದು ಚಿಪ್ಪಿನಲ್ಲಿ ಕಲಸಿಟ್ಟ. ಪ್ರತಿಮೆಯ ಮುಂದೆ ಕೂತ. ಎದ್ದು ಹೋದ. ದಿನವೂ ಹೀಗೆಯೇ. ಎದುರು ವಾದಿಸುವವನಾದರೆ ಗೆಲ್ಲಬಹುದಿತ್ತು.

ತಪಾಸಣೆಯ ದಿನ ಬೆಳಿಗ್ಗೆ ಎಂಟಕ್ಕೇ ಬಂದೆ. ಕಣ್ಣು ಇನ್ನೂ ಬಿಳುಪಾಗಿಯೇ ಇತ್ತು. ವೆಂಕೋಬ ಬೆಂಚು ಹೊರಲು ಹೋಗಿದ್ದ. ಕಿಟಕಿಯಲ್ಲಿ ಚಿಪ್ಪು, ಅದರಲ್ಲಿ ಹಸಿ ಕಪ್ಪು, ಮೇಲೆ ಕುಂಚ. ಸಾಹೇಬರು ಹನ್ನೊಂದಕ್ಕೆ ಬರುವವರು.

ನಾಲ್ಕನೆಯ ಕಲಮು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ನಾಲ್ಕು ತಿಂಗಳ ಕೆಲಸ ಅವನದು, ನಾಲ್ಕು ಗೆರೆ ನನ್ನವು, ಯಾರು ಕಂಡಾರು ಎಂದುಕೊಂಡೆ. ಕುಂಚ ತೆಗೆದುಕೊಂಡು ಎರಡು ಕಣ್ಣು ಬರೆದೆ. ಬಾಗಿಲಿಗೆ ಹೋಗಿ ತಿರುಗಿ ನೋಡಿದೆ. ಚೆನ್ನಾಗಿಯೇ ಇದ್ದವು.

ವೆಂಕೋಬ ಒಳಗೆ ಬಂದವನು ನೋಡಿದ. ಹೆಗಲ ಮೇಲಿನ ವಸ್ತ್ರವನ್ನು ಪ್ರತಿಮೆಯ ಮುಖಕ್ಕೆ ಹೊದಿಸಿ ರಂಗಕ್ಕೆ ಎತ್ತಿಕೊಂಡು ಹೋದ.

ನಾಟಕ ಚೆನ್ನಾಗಿ ಆಯಿತು. ಅದನ್ನು ಹೇಳಲೇಬೇಕು, ಏಕೆಂದರೆ ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಗವಿಸಿದ್ದಪ್ಪ ಮೊದಲ ಬಾರಿಗೆ ನೆಲ ಒದೆಯದೆ ಸುಮ್ಮನೆ ಒಳಗೆ ಬಂದ. ಪ್ರತಿಮೆಯ ಮೇಲಿನ ವಸ್ತ್ರ ತೆಗೆದ, ನೋಡಿದ, ಹಿಂದೆ ಸರಿದ. ಚಾಂದಸಾಬರ ಕೈ ಪೇಟಿಯ ಮೇಲೆಯೇ ಇದ್ದರೂ ಒಂದು ಸ್ವರ ಹೊರಡಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

ಮುಗಿದ ಮೇಲೆ ಅವರೇ ರಂಗ ಹತ್ತಿದರು. ಕನ್ನಡಕ ಏರಿಸಿ ಪ್ರತಿಮೆಯ ಸುತ್ತ ಒಂದು ಸುತ್ತು ಬಂದರು. ಇದನ್ನು ಯಾರು ಮಾಡಿದ್ದು ಎಂದು ಉರ್ದುವಿನಲ್ಲಿ ಕೇಳಿದರು. ವೆಂಕೋಬ ಮುಂದೆ ಬಂದು ನಿಂತ. ಸಾಹೇಬರು ಅವನ ಬೆನ್ನ ಮೇಲೆ ಕೈಯಿಟ್ಟರು.

"ಶಾಬಾಸ್! ಎಲ್ಲಾ ನೀನೇ ಮಾಡಿದ್ದಾ?"

ಅದು ಪ್ರಶ್ನೆಯೇ ಅಲ್ಲ, ಮೆಚ್ಚುಗೆಯ ಮಾತು. ಉತ್ತರಕ್ಕೆ ಯಾರೂ ಕಾಯುತ್ತಿರಲಿಲ್ಲ. ವೆಂಕೋಬ ನಮ್ಮ ಶಾಲೆ ಇಷ್ಟು ವರ್ಷ ಕಲಿಸಿದ ಅಚ್ಚುಕಟ್ಟಾದ ಉರ್ದುವಿನಲ್ಲಿ ಹೇಳಿದ:

"ಕಣ್ಣು ಬಿಟ್ಟು ಉಳಿದದ್ದೆಲ್ಲ, ಹುಜೂರ್."

"ಮತ್ತೆ ಕಣ್ಣು?"

ಅವನು ತನ್ನ ಕಾಲು ನೋಡಿಕೊಂಡ. ಹನುಮಂತಪ್ಪನವರು ನನ್ನನ್ನು ನೋಡಿದರು.

"ನಾನು," ಎಂದೆ.

ಸಾಹೇಬರು ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಅವರು ನಿಜವಾಗಿ ನೊಂದುಕೊಂಡರು. ಜೇಬಿನಿಂದ ಕಾಗದ ತೆಗೆದು ನಾಲ್ಕನೆಯ ಕಲಮಿನ ಮೇಲೆ ಬೆರಳಾಡಿಸಿ, ಅಫ್ಸೋಸ್ ಎಂದರು. ನಾಟಕ ಬಹಳ ಹಿಡಿಸಿತು ಎಂದೂ ಹೇಳಿದರು. ಹೇಳಿ, ರದ್ದು ಎಂದು ಬರೆದು ಸಹಿ ಮಾಡಿದರು.

"ನಿಮ್ಮ ಕೈಗೆ ತಿಳೀಲೇ ಇಲ್ಲ ನೋಡ್ರಿ," ಎಂದರು ಹನುಮಂತಪ್ಪನವರು.

ಚಾಂದಸಾಬರು ಪೇಟಿ ಹೊತ್ತು ಹೊರಡುವಾಗ ನನ್ನ ಹತ್ತಿರ ನಿಂತರು. "ಒಂದ ಹಾಡು ಇಟ್ಟಿದ್ರ ಸಾಹೇಬ ಅದರಾಗ ತೇಲಿ ಹೋಗ್ತಿದ್ದ್ರಿ. ಇಷ್ಟು ನಿಶ್ಶಬ್ದ ಮಾಡಿದ್ರ ಮನಷಾ ಕಣ್ಣ ನೋಡಲಾರದ ಮತ್ತೇನ ನೋಡಬೇಕು?"

ವೆಂಕೋಬನನ್ನು ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಹೂಂ ಅನ್ನಾಕ ಏನಾಗಿತ್ತೋ ನಿನಗ? ಒಂದ ಹೂಂ!"

"ಕೇಳಿದ್ರಲ್ರಿ ಮಾಸ್ತರ."

"ಹನ್ನೊಂದು ಮಂದೀದು ಹೋತು."

"ನಂದೂ ಹೋತ್ರಿ," ಎಂದ. ಅವನ ಅಪ್ಪ ಬರುವ ವಾರ ಬಂದು ಅವನನ್ನು ಕರೆದೊಯ್ಯುವವನಿದ್ದ.

ಮೂರು ದಿನದ ಮೇಲೆ ನಾವಿಬ್ಬರೂ ಕೋಣೆ ಖಾಲಿ ಮಾಡುತ್ತಿದ್ದೆವು. ದುರುಗವ್ವ ಕೊಡ ಇಳಿಸಿ ಪ್ರತಿಮೆಯ ಮುಂದೆ ನಿಂತಳು. ಈ ಸಲ ತಮಾಷೆ ಮಾಡಲಿಲ್ಲ.

"ಮಾಸ್ತರ, ಇದನ್ನೇನು ಮಾಡ್ತೀರಿ?"

"ಅಲಮಾರ್ಯಾಗ ಇಡ್ತೀವಿ ದುರುಗವ್ವ."

"ನನ್ನ ಮಾರಿ ನೋಡಿ ಮಾಡಿದ್ನಂತ. ಮುದುಕಿ ಮಾಡಾಕ ಹೋಗಿ ನಮ್ಮವ್ವನ್ನ ಮಾಡಿಟ್ಟಾನ. ಆಕೀದು ಮನ್ಯಾಗ ಏನೂ ಉಳಿದಿಲ್ಲ, ಒಂದು ಸೀರಿ ಸೈತ. ನಾ ಒಯ್ಯಲೇನ್ರಿ?"

ನಾನು ಹೂಂ ಎನ್ನುವಷ್ಟರಲ್ಲಿ ವೆಂಕೋಬ ಎದ್ದಾಗಿತ್ತು. ಒಂದು ಬ್ಲೇಡು ತೆಗೆದುಕೊಂಡು ನಾನು ಬರೆದ ಕಣ್ಣುಗಳನ್ನು ಕೆರೆದ. ಕಪ್ಪು ಪುಡಿ ಊದಿ ಹಾರಿಸಿದ. ಮೇಲೆ ಬಿಳುಪು ಸವರಿ ಕಿಟಕಿಯ ಬಿಸಿಲಿಗೆ ಇಟ್ಟು, ಅದು ಒಣಗುವ ತನಕ ಹೊಸದಾಗಿ ಕಪ್ಪು ಅರೆದ. ದುರುಗವ್ವನನ್ನು ಪ್ರತಿಮೆಯ ಎದುರಿಗೆ ಕೂಡಿಸಿದ. ಸೆರಗು ಸರಿಮಾಡಿಕೊಂಡು ಅವಳು ಕೂತಳು.

"ಈಗ ಬರೀತೀಯಾ?" ಎಂದೆ. "ಈಗ?"

"ಮನಿ ಸಿಕ್ತಲ್ರಿ." ಕುಂಚ ಅದ್ದಿ ನನ್ನ ಕಡೆ ನೋಡಿದ. "ಮಾಸ್ತರ, ನೀವು ಒಂದೀಟು ಆ ಕಡಿ ಮಾರಿ ಮಾಡ್ರಿ. ಮೊದಲು ಮನಿಯವ್ರನ್ನ ನೋಡಬೇಕು."

ತಿರುಗಿದೆ. ಎದುರಿಗೆ ಗೋಡೆ, ಗೋಡೆಯ ಮೇಲೆ ನಾನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ ವೇಳಾಪಟ್ಟಿ. ಎರಡರಿಂದ ಮೂರು, ಚಿತ್ರ. ಮೂರರಿಂದ ನಾಲ್ಕು, ನಾಟಕ. ಅದರ ಅಂಚಿಗೆ ಉಗುರು ಹಾಕಿ ಕೀಳತೊಡಗಿದೆ. ಅಂಟು ಗಟ್ಟಿಯಾಗಿತ್ತು, ಹುಣಸೆಬೀಜದ್ದು, ವೆಂಕೋಬ ಮಾಡಿಕೊಟ್ಟದ್ದು. 'ಚಿತ್ರ' ಎಂಬಲ್ಲಿಗೂ ಬಂದಿರಲಿಲ್ಲ, ಹಿಂದೆ ಕುಂಚ ಚಿಪ್ಪಿನೊಳಗೆ ಬಿದ್ದ ಸದ್ದಾಯಿತು.

"ಯವ್ವಾ," ಎಂದಳು ದುರುಗವ್ವ.

ತಿರುಗಬಹುದು ಎಂದು ನನಗೆ ಯಾರೂ ಹೇಳಲಿಲ್ಲ. ಕಾಗದ ಕೀಳುತ್ತಲೇ ನಿಂತೆ.