ತ್ರಾಮ್ ಅಮ್ಮಾವ್ರು ಹೇಳದ ಸಾಕ್ಷಿ

ದೊರೆಯ ಕಿರಿಯ ರಾಣಿ ತ್ರಾಮ್ ಅಮ್ಮಾವ್ರ ತಲೆ ಬಾಚುವ ಕೆಲಸಕ್ಕೆ ನಾನು ರಾಜಧಾನಿ ಹುಯೆಯ ಅರಮನೆಗೆ ಸೇರಿದಾಗ ಅವರ ಮಗ ಇನ್ನೂ ಮರದ ಕುದುರೆ ಉರುಳಿಸಿ ಆಡುತ್ತಿದ್ದ. ಅದೇ ವರ್ಷ ದೊರೆ ತೀರಿಕೊಂಡರು. ಪಟ್ಟದ ರಾಣಿಗೆ ಮಕ್ಕಳಿರಲಿಲ್ಲ. ಬೇರೆ ರಾಣಿಯರಿಗೆ ಬೆಳೆದ ಗಂಡುಮಕ್ಕಳಿದ್ದರು. ಆದರೆ ಬೆಳೆದವರು ಹೇಳಿದಂತೆ ಕೇಳುತ್ತಾರೆಯೇ? ಮಂತ್ರಿ ದಾಕ್ ನಾಡನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಫ್ರೆಂಚರ ಒಪ್ಪಿಗೆ ಪಡೆದು ಈ ಮಗುವನ್ನೇ ಎತ್ತಿ ಸಿಂಹಾಸನದ ಮೇಲೆ ಕೂರಿಸಿದ.

ಅಮ್ಮಾವ್ರು ಸಾಮಾನ್ಯರ ಮನೆಯವರಲ್ಲ; ಅವರ ತಂದೆ ಒಂದು ಪ್ರಾಂತ್ಯವನ್ನೇ ಆಳಿದವರು. ಆದರೇನು, ಶಾಸ್ತ್ರದ ಪ್ರಕಾರ ಚಕ್ರವರ್ತಿಗೆ ತಾಯಿ ಅಂದರೆ ಪಟ್ಟದ ರಾಣಿಯೇ ಅಂತೆ, ಹೆತ್ತವಳಲ್ಲ. ಹೆತ್ತವಳು ಮಗನೆದುರು ಮಂಡಿಯೂರಿ ‘ಪ್ರಭು’ ಅನ್ನಬೇಕು. ಮೊದಲ ದಿನ ಮಗು ಅಮ್ಮನನ್ನು ಕಂಡು ಇಳಿದು ಬರಹೋಯಿತು. ದಾಕ್ ತೋಳು ಹಿಡಿದು ಕೂರಿಸಿದ. ಅಮ್ಮಾವ್ರ ಹಣೆ ನೆಲದ ಮೇಲಿತ್ತು.

ಕೋಣೆಗೆ ಬಂದು ಕೇಳಿದರು, “ಅತ್ತನೇನೇ?”

“ಕಣ್ಣು ತುಂಬಿತ್ತು ಅಮ್ಮಾ. ತಡ್ಕೊಂಡ್ರು.”

ಆ ಹುಡುಗ ಬೆಳೆದ. ತನ್ನ ಮುದ್ರೆ ಒತ್ತಿದ ಆಜ್ಞೆಗಳನ್ನು ಬೇರೆಯವರು ಬರೆಯುತ್ತಾರೆಂದು ಅವನಿಗೆ ತಿಳಿಯಿತು. ಕಾವಲು ಪಡೆಯೊಂದಿಗೆ ಸೇರಿ ಫ್ರೆಂಚರ ವಿರುದ್ಧ ದಂಗೆ ಏಳಲು ಗುಟ್ಟಾಗಿ ಸಿದ್ಧನಾದ. ಯಾರೋ ಬಾಯಿಬಿಟ್ಟರು. ರೈತನ ವೇಷದಲ್ಲಿ ದೋಣಿ ಹತ್ತುವಾಗ ಸಿಕ್ಕಿಬಿದ್ದ.

ಮರುದಿನ ಬೆಳಿಗ್ಗೆ ದಾಕ್ ನಮ್ಮ ಕೋಣೆಗೇ ಬಂದ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

“ಅಮ್ಮಾವ್ರೇ, ಪ್ರಭುಗಳಿಗೆ ಚಿಕ್ಕಂದಿನಿಂದ್ಲೂ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಸಭೇಲಿ ಒಂದು ಮಾತು ಹೇಳ್ಬಿಡಿ. ಹೆತ್ತವರೇ ಹೇಳಿದ್ಮೇಲೆ ಯಾರೂ ಎದುರಾಡಲ್ಲ. ತಲೆಯಾದ್ರೂ ಉಳಿಯುತ್ತೆ.”

“ತಲೆ ಯಾರದು? ಅವನದ್ದೋ, ನಿಮ್ಮದ್ದೋ?”

ಮಗುವನ್ನು ಪಟ್ಟಕ್ಕೆ ತಂದವನು ದಾಕ್ ತಾನೇ, ಫ್ರೆಂಚರು ಅವನನ್ನೂ ಕೇಳುವವರಿದ್ದರು. ಅಮ್ಮಾವ್ರು ಸಭೆಗೆ ಬರುತ್ತೇನೆಂದರು.

ಬಂದರು. ನಾನು ಹಿಂದೆಯೇ ನಿಂತಿದ್ದೆ. ಅಂದು ಮಾತ್ರ ಅವರು ಮಂಡಿಯೂರಲಿಲ್ಲ.

“ಪಟ್ಟ ಕಟ್ಟೋವಾಗ ನಾನು ಇವನ ತಾಯಿ ಅಲ್ಲ ಅಂದ್ರಿ. ಜ್ವರ ಬಂದಾಗ ಹಣೆ ಮುಟ್ಟೋಕೂ ಬಿಡ್ಲಿಲ್ಲ. ಈಗ ಹುಚ್ಚ ಅನ್ನಿಸೋಕೆ ತಾಯಿ ಬೇಕಾಯ್ತೇನ್ರಪ್ಪಾ? ನನ್ನ ಮಗನಿಗೆ ಹುಚ್ಚಿಲ್ಲ. ಈ ಸಭೇಲಿ ಬುದ್ಧಿ ಸರಿ ಇದ್ದಿದ್ದು ಅವನೊಬ್ಬನಿಗೇ.”

ಒಬ್ಬರೂ ತಲೆಯೆತ್ತಲಿಲ್ಲ. ಎಲ್ಲರೂ ಓದಿದವರು, ತಾಯಿಭಕ್ತಿಯ ಮೇಲೆ ಪದ್ಯ ಕಟ್ಟುವವರು.

ಅವನನ್ನು ದೂರದ ದ್ವೀಪಕ್ಕೆ ಕಳಿಸುವುದೆಂದಾಯಿತು. ಜೊತೆಗೆ ತಾಯಿ ಹೋಗಬಹುದೆಂದು ಫ್ರೆಂಚರೇ ಅಂದಿದ್ದರು. ನಾವು ಗಂಟು ಕಟ್ಟಿಕೊಂಡು ಬಂದರಿಗೆ ಹೋದರೆ ದಾಕ್‌ನ ಗುಮಾಸ್ತ ಹಡಗು ಹತ್ತುವ ಹಲಗೆಗೆ ಅಡ್ಡ ನಿಂತ.

“ಶಾಸ್ತ್ರದ ಪ್ರಕಾರ ತಾಯಿ ಅಂದ್ರೆ ಪಟ್ಟದ ರಾಣಿ. ಅವರು ಬರಲ್ಲ ಅಂದಿದಾರೆ. ನೀವು ಹೊರಡಿ.”

ಅಮ್ಮಾವ್ರು ಹಲಗೆಯ ಮೇಲೆ ಕುಳಿತೇಬಿಟ್ಟರು. ರೇಷ್ಮೆ ನಿಲುವಂಗಿಯ ಅಂಚೆಲ್ಲ ಕೆಸರು. “ಎತ್ತಿ ನೀರಿಗೆ ಹಾಕು, ಆಮೇಲೆ ಹೊರಡ್ತೀನಿ,” ಅಂದರು. ಕೂಗಾಟ ಕೇಳಿ ಕಪ್ತಾನ ಬಂದ. ಮಗ ಮೇಲಿನಿಂದ ಬಗ್ಗಿ ಫ್ರೆಂಚಿನಲ್ಲಿ ಏನೋ ಅಂದ. ಕಪ್ತಾನ ಗುಮಾಸ್ತನನ್ನು ಪಕ್ಕಕ್ಕೆ ತಳ್ಳಿದ; ಆದರೆ ತಾಯಿಯೊಬ್ಬರೇ ಬರಬಹುದೆಂದ. ಅಮ್ಮಾವ್ರು ನನ್ನ ಕೆನ್ನೆ ಸವರಿ ಹತ್ತಿಹೋದರು. ಆ ದ್ವೀಪದಲ್ಲೇ, ಮಗನ ಕೈಯಿಂದ ಗಂಜಿ ಕುಡಿದು ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ಹಡಗು ಹೋದ ವಾರದಲ್ಲೇ ಕೋಟೆಬಾಗಿಲಲ್ಲಿ ಡಂಗುರ ಸಾರಿದರು: ಚಕ್ರವರ್ತಿಗೆ ಹುಟ್ಟಿನಿಂದಲೂ ಹುಚ್ಚು, ಹೆತ್ತ ತಾಯಿಯೇ ಅತ್ತು ಒಪ್ಪಿಕೊಂಡಿದ್ದಾಳೆ. ಸಭೆಯಲ್ಲಿದ್ದವರೆಲ್ಲ ನಿಂತು ಕೇಳಿ ತಲೆದೂಗಿದರು. ನಾನು ಮಾತ್ರ “ಸುಳ್ಳು” ಅಂದೆ. ಕಾವಲಿನವನು ಬೆತ್ತ ಎತ್ತಿದ. ಇನ್ನೊಮ್ಮೆ ಅಂದೆ.