ರಿಕಾ ಕಲಿತ ಕನ್ನಡ

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಕೆಲಸದವಳಿಗೆಂದೇ ಕಟ್ಟಿದ ಒಂದು ಸಣ್ಣ ಕೋಣೆ ಇತ್ತು. ಅದರಲ್ಲಿ ಸೂಟ್‌ಕೇಸುಗಳು ಮಲಗುತ್ತಿದ್ದವು. ರಿಕಾ ಮಲಗುತ್ತಿದ್ದುದು ವಾಷಿಂಗ್ ಮೆಷಿನ್ನಿನ ಪಕ್ಕ, ಯೋಗದ ಚಾಪೆಯ ಮೇಲೆ. ಮನೆಯ ಯಜಮಾನಿ ಜಲಜಾಕ್ಷಿ ಯೋಗ ಬಿಟ್ಟದ್ದರಿಂದ ಆ ಚಾಪೆ ಇವಳಿಗೆ ಸಿಕ್ಕಿತ್ತು. ಸೋಪಿನ ನೀರಿಗೆ ಅವಳ ಬೆರಳ ಸಂದಿಯ ಚರ್ಮ ಸುಲಿದುಹೋಗಿತ್ತು. ಬಂಗುಡೆ ಮೀನಿಗೆ ಉಪ್ಪು ಖಾರ ಸವರುವಾಗ ಜೀವ ಹೋದಂತಾಗುತ್ತಿತ್ತು. ಉರಿಯುತ್ತದೆ ಎಂದು ಹೇಳಲು ಅವಳಿಗೆ ಕನ್ನಡದಲ್ಲಿ ಮಾತು ಬರುತ್ತಿರಲಿಲ್ಲ.

ಬರುತ್ತಿದ್ದ ಮಾತುಗಳು ಇಷ್ಟು: ಬಾ, ಹೋಗು, ತಾ, ಬೇಗ ತಾ, ತೊಳೆ, ಒರೆಸು, ಎತ್ತು, ಬದಿಗಿಡು, ಹಾಕು, ಬಾಯಿ ಮುಚ್ಚು.

ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ತುಳು. ಮಗಳು ಯಶ್ಮಿತಾ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಕನ್ನಡ ಏನಿದ್ದರೂ ರಿಕಾಳ ಪಾಲಿಗೆ. ಮದುವೆಗೆ ಮುಂಚೆ ಉಡುಪಿ ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರಾಗಿದ್ದ ಜಲಜಾಕ್ಷಿ, ಸುಂಬಾ ಎಂಬ ದ್ವೀಪದಿಂದ ಬಂದ ಈ ಹೆಣ್ಣಿಗೆ ಕನ್ನಡ ಕಲಿಸುವ ಪಣ ತೊಟ್ಟಿದ್ದಳು. ನಾಲ್ಕು ವರ್ಷದಲ್ಲಿ ಕಲಿಸಿದ್ದೂ ನಿಜ. ಆಜ್ಞೆ ಮಾಡುವುದಕ್ಕೆ ಎಷ್ಟು ಬೇಕೋ ಅಷ್ಟು ಕಲಿಸಿದ್ದಳು. ಹಾಗಾಗಿ ರಿಕಾ ಯಾರ ಹತ್ತಿರ ಮಾತಾಡಿದರೂ ಅದು ಅಪ್ಪಣೆಯಾಗಿಯೇ ಬಾಯಿಂದ ಬೀಳುತ್ತಿತ್ತು. “ಸಾರ್, ನೀನು ಚಾ ಕುಡಿ,” ಎನ್ನುವಳು. ಮನೆಯವರು ಹೊಟ್ಟೆ ಹಿಡಿದು ನಗುವರು.

“ನೀವು ಅಂತ ಕಲಿಸುದಲ್ವಾ ಮಾರಾಯ್ತಿ,” ಎಂದು ಯಾರೋ ಒಮ್ಮೆ ಹೇಳಿದ್ದುಂಟು.

“ಇರ್ಲಿ ಬಿಡಿ, ಕೇಳ್ಲಿಕ್ಕೆ ಮಜಾ ಉಂಟು,” ಎಂದಿದ್ದಳು ಜಲಜಾಕ್ಷಿ.

ಆ ಮಜಾ ರಾಜ್ಯೋತ್ಸವದ ವೇದಿಕೆಯವರೆಗೂ ಹೋಯಿತು. ಇಂಡೋನೇಷ್ಯಾದ ಕನ್ನಡತಿ ಎಂದು ಮೈಕಿನಲ್ಲಿ ಕೂಗಿ ರಿಕಾಳನ್ನು ಹತ್ತಿಸಿದರು. ಅವಳು ಮುಖ್ಯ ಅತಿಥಿಗಳಿಗೆ ಕೈಮುಗಿದು, “ಬಾ, ಕೂತ್ಕೋ, ತಿನ್ನು,” ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಶಾಲು ಹೊದಿಸಿದರು. ಮನೆಗೆ ಬಂದ ಮೇಲೆ ಜಲಜಾಕ್ಷಿ ಆ ಶಾಲನ್ನು ಮಡಚಿ ತನ್ನ ಕಪಾಟಿನಲ್ಲಿಟ್ಟುಕೊಂಡಳು.

ರಿಕಾ ಎನ್ನುವುದೂ ಅರ್ಧ ಹೆಸರೇ. ಪೂರ್ತಿ ಹೆಸರು ಫೆರ್ದೆರಿಕಾ ಬುಲು. ಉದ್ದವಾಯಿತೆಂದು ಈ ಮನೆಯವರು ಅವಳನ್ನು ರೇಖಾ ಮಾಡಿಕೊಂಡಿದ್ದರು.

ಅವಳ ಊರು ವೈಮಾರಾ. ವೈ ಎಂದರೆ ಅವರ ಮಾತಿನಲ್ಲಿ ನೀರು. ಊರಲ್ಲಿ ಇಲ್ಲದ್ದೂ ಅದೇ. ವಿಮಾನ ಇಳಿದು ಮೂರು ಗಂಟೆ ಪಿಕಪ್ಪಿನ ಹಿಂದೆ ನಿಂತುಕೊಂಡು ಹೋಗಬೇಕು, ಆಮೇಲೆ ಗುಡ್ಡ ಹತ್ತಬೇಕು. ಅವಳ ಅಮ್ಮ ಈಗಲೂ ಎರಡು ಮೈಲಿ ನಡೆದು ಕ್ಯಾನಿನಲ್ಲಿ ನೀರು ಹೊತ್ತು ತರುತ್ತಿದ್ದಳು. ಆದರೆ ಗುಡ್ಡದ ಬುಡದಲ್ಲಿ ಸಮುದ್ರ. ಬಿಳಿ ಮರಳು, ಒಂದು ನರಪಿಳ್ಳೆಯೂ ಇಲ್ಲದ ದಂಡೆ.

ಅಲ್ಲಿ ಸತ್ತವರನ್ನು ಮನೆಯಂಗಳದಲ್ಲೇ ಕಲ್ಲಿನೊಳಗೆ ಇಡುತ್ತಾರೆ. ದೊಡ್ಡ ಚಪ್ಪಡಿ, ನಾಲ್ಕು ಕಲ್ಲಿನ ಕಾಲು, ಅಡಿಯಲ್ಲಿ ಹಿರಿಯರು. ರಿಕಾಳ ಅಪ್ಪ ತೀರಿಕೊಂಡಾಗ ಕಲ್ಲು ತರಿಸುವ ತಾಕತ್ತು ಮನೆಗೆ ಇರಲಿಲ್ಲ. ತಾತ್ಕಾಲಿಕವಾಗಿ ಮಣ್ಣಲ್ಲಿಟ್ಟರು. ಆ ಕಲ್ಲಿಗಾಗಿಯೇ ರಿಕಾ ಅಬುಧಾಬಿಯ ವಿಮಾನ ಹತ್ತಿದ್ದು. ಮೂರು ವರ್ಷದ ಸಂಬಳದಲ್ಲಿ ಕಲ್ಲು ಕಡಿಸಿ, ಹಗ್ಗ ಕಟ್ಟಿ, ಇನ್ನೂರು ಜನ ಹಾಡು ಹೇಳುತ್ತ ಗುಡ್ಡಕ್ಕೆ ಎಳೆದು ತಂದು ಅಪ್ಪನನ್ನು ಅದರೊಳಗೆ ಇಟ್ಟರು. ಆ ದಿನ ರಿಕಾ ತೆಂಗಿನಕಾಯಿ ತುರಿಯುತ್ತ ಫೋನಿನಲ್ಲಿ ಅದನ್ನು ನೋಡಿದ್ದಳು. ಕಲ್ಲಿಗೆ ಮೊದಲ ಬಟ್ಟೆ ಮಗಳೇ ಹೊದಿಸಬೇಕು ಎಂಬುದು ಅಮ್ಮನ ಆಸೆ. ನೇಯ್ದು ಮುಗಿಸಿ, ಮಡಚಿ, ಮಗಳ ದಾರಿ ಕಾಯುತ್ತ ಕೂತಿದ್ದಳು.

ಊರಿಗೆ ಹೋಗುವುದಕ್ಕೆ ಪಾಸ್‌ಪೋರ್ಟ್ ಬೇಕು. ಅದು ಯಜಮಾನ ಗುಣಪಾಲನ ಕಬ್ಬಿಣದ ಲಾಕರಿನಲ್ಲಿತ್ತು.

ಗುಣಪಾಲನದು ಟ್ರಾವೆಲ್ ಆಫೀಸು. ಮಾಲ್ಡೀವ್ಸಿಗೆ, ಬಾಲಿಗೆ ಜನ ಕಳಿಸುವ ಕೆಲಸ. ದೇವರು ದಿಂಡರು ಅಂದರೆ ತುಂಬ ಭಯ ಭಕ್ತಿ. ಊರಲ್ಲಿ ಅವನ ಮನೆತನದ ನಾಗಬನ ಇದೆ. ಅರಸಿನ ಬಳಿದ ಆ ನಾಗನ ಕಲ್ಲುಗಳ ಫೋಟೋಕ್ಕೆ ಹಜಾರದಲ್ಲಿ ದಿನಾ ದೀಪ. ಹೆದ್ದಾರಿ ಅಗಲ ಮಾಡುವಾಗ ಕಲ್ಲು ಕದಲಿಸಲು ಬಂದರೆಂದು ಕೋರ್ಟಿಗೆ ಹೋಗಿ ಸ್ಟೇ ತಂದವನು ಅವನು. ಆ ಫೋಟೋ ಒರೆಸುವ ಕೆಲಸ ರಿಕಾಳದು. “ಮೆಲ್ಲ ಒರೆಸು. ಅದು ನಾಗ,” ಎಂದು ಜಲಜಾಕ್ಷಿ ಹೇಳಿಕೊಟ್ಟಿದ್ದಳು.

ಅಪ್ಪನ ಕಲ್ಲು ಎಳೆಯುವ ವಿಡಿಯೋ ಯಶ್ಮಿತಾಳ ಕೈ ದಾಟಿ ಗುಣಪಾಲನ ಕಣ್ಣಿಗೆ ಬಿದ್ದದ್ದೇ ತಪ್ಪಾಯಿತು. ಅವನು ಕಲ್ಲು ನೋಡಲಿಲ್ಲ, ಹಿಂದಿನ ಸಮುದ್ರ ನೋಡಿದ. ಬಾಲಿಯಿಂದ ಒಂದು ಗಂಟೆಯ ವಿಮಾನ, ಹೊಸ ರಸ್ತೆಯೂ ಬರುತ್ತಿದೆ ಎಂದು ವಿಚಾರಿಸಿ ತಿಳಿದುಕೊಂಡ. ಮಾರನೆಯ ವಾರ ಕಾಗದದ ಕಟ್ಟು ತಂದು ಅಡುಗೆ ಕಟ್ಟೆಯ ಮೇಲಿಟ್ಟ.

“ರೇಖಾ, ನಿಮ್ಮ ಊರು, ನೀರು. ಬೋರ್‌ವೆಲ್. ನೀರಿಗೆ ಪೇಪರ್. ಸೈನ್ ಹಾಕು.”

ನೀರು ಎಂಬ ಮಾತು ಅವಳಿಗೆ ಗೊತ್ತಿತ್ತು. ಹಾಕು ಎಂಬುದೂ ಗೊತ್ತಿತ್ತು. ಕೈ ಒರೆಸಿಕೊಂಡು ಹಾಕಿದಳು. ಅಮ್ಮನಿಗೆ, ಇಬ್ಬರು ಚಿಕ್ಕಪ್ಪಂದಿರಿಗೆ ಫೋನಿನಲ್ಲಿ ಅವಳೇ ಹೇಳಿದಳು, ಯಜಮಾನರು ದೊಡ್ಡ ಮನಸ್ಸು ಮಾಡಿದ್ದಾರೆ ಎಂದು. ಗುಣಪಾಲನ ಅಲ್ಲಿಯ ಏಜೆಂಟ್ ಮರ್ತೆನ್ ಎಂಬವನು ಮನೆ ಮನೆಗೆ ಹೋಗಿ, ನೀರಿನ ಕಾಗದ ಮಗಳ ಹೆಸರಿಗೆ ತಾನೇ ಎಂದು ಪುಸಲಾಯಿಸಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡ. ಮಗಳ ಹೆಸರಿಗೆ ಎಂದರೆ ಯಾವ ತಾಯಿ ಬೇಡ ಅನ್ನುತ್ತಾಳೆ?

ಆರು ತಿಂಗಳಾದರೂ ಬೋರ್‌ವೆಲ್ ಬರಲಿಲ್ಲ. ಆ ಭಾನುವಾರ ಮಧ್ಯಾಹ್ನ ಮುಝಫ್ಫರ್ ಬಂದ.

ಮುಝಫ್ಫರ್ ಭಟ್ಕಳದವನು. ದುಬೈಯ ಅಲ್ ಬರ್ಷಾದಲ್ಲಿ ಎರಡು ಅಂಗಡಿ, ಕೈಯಲ್ಲಿ ಬಂಡವಾಳ ಹಾಕಲು ದುಡ್ಡು. ಅವನಿಗೆಂದು ಕೋಳಿ ಸಾರು, ಕೋರಿರೊಟ್ಟಿ ಮಾಡಿಸಿದ್ದರು. ಬಡಿಸುವ ಮುಂಚೆ ಗುಣಪಾಲ ರಿಕಾಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ಲಾಕರಿನಿಂದ ತೆಗೆದ ಹಸಿರು ಪುಸ್ತಕ ತೋರಿಸಿದ. ಅವಳ ಪಾಸ್‌ಪೋರ್ಟ್.

“ಊಟ ಆದ ಮೇಲೆ ಇನ್ನೊಂದು ಸೈನ್ ಹಾಕು. ಹಾಕಿದ್ರೆ ಇದು ನಿನ್ಗೆ. ಟಿಕೆಟ್ ನಾನೇ ಮಾಡಿ ಕೊಡ್ತೇನೆ. ಊರಿಗೆ ಹೋಗು.”

ಊರಿಗೆ ಹೋಗು. ನಾಲ್ಕು ವರ್ಷದಲ್ಲಿ ಅವಳು ಕೇಳಿದ ಅಷ್ಟೂ ಅಪ್ಪಣೆಗಳಲ್ಲಿ ಇಷ್ಟು ಚಂದದ್ದು ಇರಲಿಲ್ಲ. ರೊಟ್ಟಿಗೆ ಸಾರು ಹಾಕುವಾಗ ಅವಳು ಎಲ್ಲರಿಗೂ ಒಂದು ಸೌಟು ಹೆಚ್ಚೇ ಹಾಕಿದಳು.

ಊಟದ ನಡುವೆ ಗುಣಪಾಲ ಟ್ಯಾಬ್ ತೆಗೆದು ಬಣ್ಣದ ಚಿತ್ರ ತೋರಿಸಿದ. ಯಶ್ಮಿತಾ ಕಂಪ್ಯೂಟರಿನಲ್ಲಿ ಮಾಡಿಕೊಟ್ಟದ್ದು. ಗುಡ್ಡದ ಮೇಲೆ ಹನ್ನೆರಡು ವಿಲ್ಲಾ, ನೀಲಿ ಈಜುಕೊಳ.

“ಅಲ್ಲಿ ಹೊರದೇಶದವ್ರ ಹೆಸರಲ್ಲಿ ಜಾಗ ಆಗುದಿಲ್ಲ ಭಾಯ್. ಅದಕ್ಕೆ ಎಲ್ಲ ಇವಳ ಹೆಸರಲ್ಲಿ ಮಾಡಿಸಿದ್ದು. ಈಗ ಇವಳೇ ನಮ್ಗೆ ಮೂವತ್ತು ವರ್ಷದ ಲೀಸ್ ಬರೆದು ಕೊಡುದು. ನಾವು ಹೇಳಿದಲ್ಲಿ ಸೈನ್ ಹಾಕ್ತಾಳೆ, ಪಾಪದ್ದು. ನೋಡಿ, ಓನರ್: ಫೆರ್ದೆರಿಕಾ ಬುಲು.”

ಆ ಮನೆಯಲ್ಲಿ ಯಾರಾದರೂ ಅವಳ ಪೂರ್ತಿ ಹೆಸರು ಹೇಳಿದ್ದು ಅದೇ ಮೊದಲು. ಸೌಟು ಹಿಡಿದಿದ್ದ ರಿಕಾ ತಿರುಗಿ ನೋಡಿದಳು.

“ಅಲ್ಲಿ ಇರೋ ಜನ?” ಮುಝಫ್ಫರ್ ಕೇಳಿದ.

“ನಾಲ್ಕು ಗುಡಿಸಲು. ಖಾಲಿ ಮಾಡಿಸುವ.”

“ಈ ಟೇಬಲ್ ಚಂದ ಇದೆ ಗುಣಪಾಲಣ್ಣ. ಕಲ್ಲಿಂದಾ?”

“ಅದು ಅಲ್ಲಿಯದ್ದೇ. ಹಳೇ ಕಾಲದ್ದು. ಸನ್‌ಸೆಟ್ ಡಿನ್ನರಿಗೆ ಅಂತ ಇಟ್ಟದ್ದು.”

ರಿಕಾ ಬಗ್ಗಿ ನೋಡಿದಳು. ಆ ಅಂಗಳ ಅವಳದು. ಅಮ್ಮನ ಮನೆ ಇದ್ದಲ್ಲಿ ಈಜುಕೊಳ ಬಂದಿತ್ತು. ಅಂಗಳದ ನಡುವೆ ಅಪ್ಪನ ಕಲ್ಲು. ಕಲ್ಲಿನ ಮೇಲೆ ಎರಡು ಉದ್ದ ಗ್ಲಾಸು, ಮೋಂಬತ್ತಿ, ಒಂದು ತಟ್ಟೆ ಸಿಗಡಿ.

ಸೌಟು ಕೈಜಾರಿ ಬಿತ್ತು.

“ಅಪ್ಪ,” ಎಂದಳು.

“ಎಂತದೇ?” ಜಲಜಾಕ್ಷಿ ಕೇಳಿದಳು.

“ಇದು ಅಪ್ಪ. ಒಳಗೆ ಅಪ್ಪ.”

ಮುಝಫ್ಫರ್ ಟ್ಯಾಬನ್ನು ಮೇಜಿನ ಮೇಲಿಟ್ಟ. “ಖಬರಾ ಇದು? ಗೋರಿಯಾ?”

“ಇಟ್ಸ್ ಜಸ್ಟ್ ಎ ಮಾಕಪ್, ಅಂಕಲ್,” ಎಂದಳು ಯಶ್ಮಿತಾ.

ಮುಝಫ್ಫರ್ ಒಳ್ಳೆಯ ಮನುಷ್ಯ. ತುಟಿ ಒರೆಸಿಕೊಂಡು ನಿಧಾನಕ್ಕೆ ಹೇಳಿದ: “ನೋಡಿ ಗುಣಪಾಲಣ್ಣ, ಗೋರಿ ಮೇಲೆ ಕಟ್ಟೋದು, ತಿನ್ನೋದು ಎಲ್ಲ ನಮ್ಮಲ್ಲಿ ಆಗೋದಿಲ್ಲ. ಪಾಪ ಬರ್ತದೆ. ನೀವೇ ತೆಗೆಸಿ, ಕ್ಲೀನ್ ಮಾಡಿ ಕೊಡಿ. ಆಮೇಲೆ ನಾನು ಸೈನ್ ಮಾಡ್ತೇನೆ.”

“ಅದಕ್ಕೆಂತ? ನಾಳೆಯೇ ಒಂದು ಜೆಸಿಬಿ ತರಿಸಿ ಎತ್ತಿ ಬದಿಗಿಡುದು.”

ಎತ್ತು, ಬದಿಗಿಡು. ದಿನಕ್ಕೆ ಹತ್ತು ಸಲ ಕೇಳುವ ಮಾತು. ಸೋಫಾ ಎತ್ತು, ಶೂ ಬದಿಗಿಡು. ರಿಕಾಳಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನೀರಿಗೆ ಪೇಪರ್ ಅಲ್ಲ?” ಎಂದಳು.

“ನೀರೂ ಬರ್ತದೆ ಮಾರಾಯ್ತಿ, ಸ್ವಿಮಿಂಗ್ ಪೂಲೇ ಬರ್ತದೆ,” ಎಂದು ಗುಣಪಾಲ ನಕ್ಕ. ನಗುತ್ತಲೇ ಹೆಂಡತಿಯ ಕಡೆ ತಿರುಗಿ, “ಆಳೆಗ್ ದಾಲಾ ಗೊತ್ತಾಪುಜಿ,” ಎಂದ. ಅವಳಿಗೆ ಏನೂ ಗೊತ್ತಾಗುವುದಿಲ್ಲ ಎಂದು.

ರಿಕಾ ಹಜಾರದ ಕಡೆ ಕೈ ತೋರಿಸಿದಳು. ಅಲ್ಲಿ ದೀಪದ ಹಿಂದೆ ಅರಸಿನದ ಕಲ್ಲುಗಳ ಫೋಟೋ.

“ನಿನ್ನ ಊರು, ನಾಗ ಕಲ್ಲು. ಮೊದಲು ಅದು ಎತ್ತು. ಬದಿಗಿಡು.”

ಗುಣಪಾಲನ ಮುಖ ಕಪ್ಪಿಟ್ಟಿತು. “ಬಾಯಿ ಮುಚ್ಚು. ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದು ಗದರಿ, ಅತಿಥಿಯ ಎದುರು ತನ್ನ ಮಾತು ನಡೆಯುತ್ತದೆ ಎಂದು ತೋರಿಸಲು ಅಲ್ಲೇ ಮರ್ತೆನ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ನಾಳೆ ಬೆಳಿಗ್ಗೆ ಕಲ್ಲು ತೆಗೆಯಬೇಕು, ಮೆಷಿನ್ ತಾ, ಎಂದು ಇಂಗ್ಲಿಷಿನಲ್ಲಿ ಹೇಳಿದ. “ಓಕೆ ಬಾಸ್,” ಎಂದಿತು ಆ ಕಡೆಯ ದನಿ.

ಆಗ ರಿಕಾ ಮೇಜಿನ ಮೇಲೆ ಬಾಗಿ ಫೋನಿನೊಳಗೆ ಮಾತಾಡಿದಳು. ತನ್ನ ಊರಿನ ಮಾತಿನಲ್ಲಿ. ಅಲ್ಲಿದ್ದ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೆ ಇವಳಿಗೆ ಇಷ್ಟುದ್ದ ಮಾತಾಡಲು ಬರುತ್ತದೆ ಎಂದು ಎಲ್ಲರಿಗೂ ಅವತ್ತು ತಿಳಿಯಿತು. ಅವಳು ಹೇಳಿದ್ದು ಇಷ್ಟು:

“ಮರ್ತೆನ್ ಅಣ್ಣಾ, ನಾನು ವೈಮಾರಾದ ಬುಲು ಮನೆಯ ಮಗಳು ಮಾತಾಡುತ್ತಿದ್ದೇನೆ. ಜಾಗ ನನ್ನ ಹೆಸರಲ್ಲಿದೆಯಂತೆ. ಹಾಗಿದ್ದರೆ ನನ್ನ ಮಾತು ಕೇಳಿ. ನಾನು ಯಾರಿಗೂ ಬರೆದು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಬಾವಿ ಎಂದು ಸುಳ್ಳು ಹೇಳಿ ನಮ್ಮೆಲ್ಲರ ಸಹಿ ಹಾಕಿಸಿಕೊಂಡಿದ್ದಾರೆ. ಈಗಲೇ ಗುಡ್ಡ ಹತ್ತಿ ಹೋಗಿ ಅಮ್ಮನಿಗೆ ಹೇಳಿ. ಅಪ್ಪನ ಕಲ್ಲು ಎಳೆದ ಇನ್ನೂರು ಜನಕ್ಕೂ ಹೇಳಿ. ಮೆಷಿನ್ ಬಂದರೆ ಅವರೆಲ್ಲ ಕಲ್ಲಿನ ಸುತ್ತ ಕೂತುಕೊಳ್ಳಲಿ. ನೀವೂ ಆ ದ್ವೀಪದಲ್ಲೇ ಬದುಕಬೇಕಾದವರು, ಅಣ್ಣಾ.”

“ಬಾಸ್,” ಎಂದ ಮರ್ತೆನ್, “ಓನರ್ ಈಸ್ ಸೇಯಿಂಗ್ ನೋ.”

“ಓನರಾ? ವಿಚ್ ಓನರ್?” ಗುಣಪಾಲ ಕಿರುಚಿದ.

“ಫೆರ್ದೆರಿಕಾ ಬುಲು, ಬಾಸ್. ಸಾರಿ ಬಾಸ್.” ಫೋನ್ ಕಟ್ಟಾಯಿತು.

ಮುಝಫ್ಫರ್ ಎದ್ದು ಕೈ ತೊಳೆದುಕೊಂಡ. “ಇದನ್ನೆಲ್ಲ ಮೊದಲು ಸರಿ ಮಾಡ್ಕೊಳ್ಳಿ ಗುಣಪಾಲಣ್ಣ,” ಎಂದು ಚಪ್ಪಲಿ ಹಾಕಿಕೊಂಡು ಹೋದ. ಹೋಗುವಾಗ ರಿಕಾಳ ಮುಖ ನೋಡಲಿಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಗುಣಪಾಲ ಅವಳ ಕೆನ್ನೆಗೆ ಬಾರಿಸಿದ. ಅವಳ ಫೋನ್ ಕಿತ್ತುಕೊಂಡು, ಪಾಸ್‌ಪೋರ್ಟಿನ ಜೊತೆ ಲಾಕರಿಗೆ ಹಾಕಿ ಬೀಗ ತಿರುಗಿಸಿದ.

“ನೀನು ಸೈನ್ ಹಾಕುವವರೆಗೆ ಇದು ಇಲ್ಲೇ. ಸಂಬಳ ಮಾಫಿ, ಒಂದು ಪೈಸೆ ಇಲ್ಲ. ಹೊರಗೆ ಕಾಲಿಟ್ರೆ ಓಡಿಹೋದಳು ಅಂತ ಕೇಸ್ ಹಾಕ್ತೇನೆ, ಪೊಲೀಸ್ರು ಹಿಡೀತಾರೆ. ಗೊತ್ತಾಯ್ತಾ? ಊರು ಖಲಾಸ್.”

ಖಲಾಸ್ ಎಂದರೆ ಏನೆಂದು ಅಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ರಿಕಾಳಿಗೂ ಗೊತ್ತು. ನೇಯ್ದಿಟ್ಟ ಬಟ್ಟೆ ಅಮ್ಮನ ಪೆಟ್ಟಿಗೆಯಲ್ಲೇ ಇರುತ್ತದೆ. ಆ ಕಲ್ಲನ್ನು ತಾನು ಕೈಯಿಂದ ಮುಟ್ಟುತ್ತೇನೋ ಇಲ್ಲವೋ. ಆದರೂ ಅವಳು ಅಳಲಿಲ್ಲ. ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಕೂತಳು. ಆ ಕುರ್ಚಿಗಳನ್ನು ನಾಲ್ಕು ವರ್ಷ ಒರೆಸಿದ್ದಳು, ಒಂದು ದಿನವೂ ಕೂತಿರಲಿಲ್ಲ.

ಎಂಜಲು ತಟ್ಟೆಗಳು ಒಣಗುತ್ತಿದ್ದವು. ಜಲಜಾಕ್ಷಿ ಬಂದು ಅವುಗಳನ್ನು ಅವಳ ಕಡೆ ತಳ್ಳಿದಳು.

“ಏಳು. ತೊಳೆ.”

ರಿಕಾ ತಟ್ಟೆಗಳನ್ನು ವಾಪಸು ತಳ್ಳಿದಳು.

“ನೀನು ತೊಳೆ. ಪಾಸ್‌ಪೋರ್ಟ್ ತಾ. ಬೇಗ ತಾ.”

ಟೀಚರಾಗಿದ್ದವಳಿಗೆ ಮೈ ಉರಿದುಹೋಯಿತು. “ಯಾರ ಹತ್ರ ಮಾತಾಡ್ತಾ ಇದ್ದಿ ಗೊತ್ತುಂಟಾ? ಮರ್ಯಾದೆ ಕೊಟ್ಟು ಮಾತಾಡು.”

ರಿಕಾ ಅವಳನ್ನೇ ನೋಡಿದಳು. ಕೆನ್ನೆ ಊದಿಕೊಂಡಿತ್ತು, ದನಿ ಮಾತ್ರ ಸ್ಪಷ್ಟವಾಗಿತ್ತು.

“ಆ ಮಾತು ನೀನು ಕಲಿಸು ಇಲ್ಲ.”