ಹೊಗೆಮನೆಯಲ್ಲಿಟ್ಟ ಫ್ಲಾಪಿ

ಕಡಬದ ರಬ್ಬರ್ ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದದ್ದು ೧೯೮೮ರ ಏಪ್ರಿಲ್ ತಿಂಗಳಿನಲ್ಲಿ, ಜೀಪಿನ ಹಿಂಬದಿ ಎರಡು ಹಾಸಿಗೆಗಳ ನಡುವೆ ಮಲಗಿಕೊಂಡು. ಮಂಗಳೂರಿನ ಒಕ್ಕೂಟದವರು ಅದನ್ನು ಪ್ರಯೋಗಕ್ಕೆಂದು ಕೊಟ್ಟಿದ್ದರು. ಸೆಪ್ಟೆಂಬರಿನಲ್ಲಿ ಒಬ್ಬ ಅಧಿಕಾರಿ ಬರುತ್ತಾರೆ, ಅಷ್ಟರೊಳಗೆ ಸದಸ್ಯರ ಪಟ್ಟಿ ಯಂತ್ರದೊಳಗೆ ಸೇರಿ ಕಾಗದದ ಮೇಲೆ ಅಚ್ಚಾಗಿ ಬರಬೇಕು. ಬಂದರೆ ಯಂತ್ರ ಸಂಘದ್ದು, ನಡೆಸುವವರಿಗೆ ಖಾಯಂ ಹುದ್ದೆ. ಬಾರದಿದ್ದರೆ ಯಂತ್ರ ಸುಳ್ಯದ ಸಂಘಕ್ಕೆ.

ನಡೆಸುವವಳು ಟೈಪಿಸ್ಟ್ ತ್ರೇಸ್ಯಾಕುಟ್ಟಿ. ಬೇರೆ ಯಾರಿದ್ದರು? ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದಳು, ಹನ್ನೊಂದು ವರ್ಷವೂ ತಾತ್ಕಾಲಿಕ. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರು ಶಾಯಿಯಲ್ಲಿ, ಇವಳದು ಪೆನ್ಸಿಲಿನಲ್ಲಿ. ಅಳಿಸಲು ಸುಲಭವಾಗಲಿ ಎಂದು ಯಾರೋ ಪುಣ್ಯಾತ್ಮರು ಶುರುಮಾಡಿದ ಪದ್ಧತಿ. ಮೂವತ್ತಾರು ಮುಗಿಯುತ್ತಾ ಬಂದಿತ್ತು, ಇನ್ನೊಂದು ವರ್ಷ ಕಳೆದರೆ ವಯಸ್ಸು ಮೀರಿತು ಅನ್ನುತ್ತಾರೆ. ಅಣ್ಣನ ಮನೆಯ ಹಿಂದಿನ ಕೋಣೆ ಬಿಟ್ಟು ಕಡಬ ಪೇಟೆಯಲ್ಲಿ ತನ್ನದೇ ಒಂದು ಬಾಡಿಗೆ ಮನೆ ಮಾಡಬೇಕೆಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ಯಂತ್ರ ಕೈ ಹಿಡಿಯದಿದ್ದರೆ ಇನ್ನು ಯಾವುದೂ ಹಿಡಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಘದವರು ಅವಳನ್ನು ಆರು ವಾರ ಪುತ್ತೂರಿಗೆ ಕಲಿಯಲು ಕಳಿಸಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಕೋಣೆ, ಒಬ್ಬ ಮಾಸ್ಟ್ರು, ಗೋಡೆಯ ಮೇಲೆ ಯಂತ್ರದ ಚಿತ್ರ. ತ್ರೇಸ್ಯಾಕುಟ್ಟಿ ಅಂಗಾಂಗಗಳನ್ನೆಲ್ಲ ಜಪಮಾಲೆಯ ಹಾಗೆ ಬಾಯಿಪಾಠ ಮಾಡಿದಳು. ಕೊನೆಯ ದಿನ ಮಾಸ್ಟ್ರು ಹೇಳಿದ್ದು ಎರಡೇ ಮಾತು: "ಪ್ರತಿಯೊಂದನ್ನೂ ಎರಡು ಫ್ಲಾಪಿಯಲ್ಲಿ ಇಟ್ಕೊಳ್ಳಿ. ಒಣ ಜಾಗದಲ್ಲಿ ಇಡಿ."

ಕಡಬಕ್ಕೆ ಮರಳಿದ ಮೇಲೆ ಅವಳ ಮೊದಲ ಶಿಷ್ಯೆ ಸೀತು. ಸಂಘದ ಹಿಂದೆ ರಬ್ಬರ್ ಹಾಳೆ ಒಣಗಿಸುವ ಹೊಗೆಮನೆ ಇತ್ತು, ಅದಕ್ಕೆ ಬೆಂಕಿ ಹಾಕುವ ಹೆಂಗಸು ಅವಳು. ಮಧ್ಯಾಹ್ನ ಬುತ್ತಿ ಉಂಡು, ಕೈ ಒರೆಸಿಕೊಂಡು, ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

"ಅಕ್ಕಾ, ಇದರಲ್ಲಿ ಯಾವುದು ಎಂತ ಕೆಲಸ ಮಾಡುದು?"

"ಈ ಗುಂಡಿಗಳದ್ದು ಕೀಬೋರ್ಡು, ನಾವು ಹೇಳಿದ್ದು ಇದಕ್ಕೆ ಕೇಳುದು. ಈ ಟಿ.ವಿ. ಉಂಟಲ್ಲ, ಮಾನಿಟರ್, ಅದು ತೋರಿಸುದು ಮಾತ್ರ, ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಬುದ್ಧಿ ಇರುದು ಈ ಪೆಟ್ಟಿಗೆಯ ಒಳಗೆ, ಸಿಪಿಯು. ಬಿಸಿ ಆಗ್ತದೆ, ಅದಕ್ಕೆ ಫ್ಯಾನ್."

"ಹೇಳಿದ್ದೆಲ್ಲ ನೆನಪು ಇರ್ತದಾ ಅದಕ್ಕೆ?"

"ಕರೆಂಟ್ ಇರುವಷ್ಟು ಹೊತ್ತು. ಆ ನೆನಪಿಗೆ ರ‍್ಯಾಮ್ ಅಂತ ಹೆಸರು. ಕರೆಂಟ್ ಹೋಯ್ತಾ, ಎಲ್ಲ ಸೊನ್ನೆ. ಅದಕ್ಕೇ ಈ ಫ್ಲಾಪಿ." ತ್ರೇಸ್ಯಾಕುಟ್ಟಿ ಕಪ್ಪು ಚೌಕದ ಲಕೋಟೆಯೊಂದನ್ನು ಎತ್ತಿ ತೋರಿಸಿದಳು. "ಒಳಗೆ ತೆಳ್ಳಗಿನ ತಟ್ಟೆ ಉಂಟು. ಈ ಸೀಳಿನೊಳಗೆ ಹಾಕಿದರೆ ತಿರುಗ್ತದೆ, ಡ್ರೈವಿನ ಹೆಡ್ ಅದನ್ನು ಸವರಿ ಓದ್ತದೆ. ಯಂತ್ರ ಎದ್ದು ಕೂತ್ಕೊಳ್ಳಬೇಕಾದ್ರೂ ಒಂದು ಫ್ಲಾಪಿ ಬೇಕು."

"ಹಾಗಾದ್ರೆ ಜೀವ ಇರುದು ಇದರಲ್ಲೇ," ಎಂದಳು ಸೀತು.

ಪುತ್ತೂರಿನ ಮಾಸ್ಟ್ರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಜೂನ್, ಜುಲೈ ಎರಡು ತಿಂಗಳು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಳು. ಕಾಣಿಯೂರು, ನೆಲ್ಯಾಡಿ, ಮರ್ಕಂಜ ಎಂದು ಊರೂರಿನ ಆರುನೂರ ನಲವತ್ತು ಸದಸ್ಯರ ಹೆಸರು, ಮನೆ, ಮರಗಳ ಸಂಖ್ಯೆ. ಕರೆಂಟ್ ಹೋದಾಗಲೆಲ್ಲ ಹತ್ತು ಹದಿನೈದು ಹೆಸರು ಅದರ ಹಿಂದೆಯೇ ಹೋಗುತ್ತಿತ್ತು. ಮತ್ತೆ ಕೂರುತ್ತಿದ್ದಳು. ಜುಲೈ ಕೊನೆಗೆ ಪಟ್ಟಿ ಮುಗಿಯಿತು. ಮಾಸ್ಟ್ರು ಹೇಳಿದಂತೆ ಎರಡು ಫ್ಲಾಪಿಯಲ್ಲಿ ಇಳಿಸಿ, ಆ ರಾತ್ರಿ ಹಾಯಾಗಿ ನಿದ್ದೆ ಮಾಡಿದಳು.

ಮೂರೇ ದಿನಕ್ಕೆ ಒಂದು ಫ್ಲಾಪಿಯ ತಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಬೂಷ್ಟು! ಮಳೆಗಾಲದಲ್ಲಿ ಚಪ್ಪಲಿಗೆ, ಬೈಬಲಿನ ರಟ್ಟಿಗೆ, ಕಪಾಟಿನೊಳಗಿನ ಸೀರೆಗೆ ಹಿಡಿಯುವ ಅದೇ ಬೂಷ್ಟು. ಕರವಸ್ತ್ರದಿಂದ ಒರೆಸಿದಳು, ಮರುದಿನ ಮತ್ತೆ ಬಂತು.

ಒಣ ಜಾಗ ಎಂದರೆ ಆ ಊರಿನಲ್ಲಿ ಆಗಸ್ಟ್ ತಿಂಗಳಲ್ಲಿ ಒಂದೇ, ಹೊಗೆಮನೆ. ಹೊಗೆ ಕಾಣದ ರಬ್ಬರ್ ಹಾಳೆಗೆ ವಾರದಲ್ಲಿ ಬೂಷ್ಟು, ಹೊಗೆ ಕುಡಿದದ್ದಕ್ಕೆ ವರ್ಷವಾದರೂ ಇಲ್ಲ. ಅಪ್ಪಂದಿರ ಕಾಲದಿಂದ ಕಣ್ಣಾರೆ ಕಂಡ ಸತ್ಯ. ಸೀತು ತನ್ನ ಬೆಂಕಿಪೆಟ್ಟಿಗೆ, ಮಗಳ ಶಾಲೆ ಸರ್ಟಿಫಿಕೇಟು ಇಡುತ್ತಿದ್ದುದೂ ಅಲ್ಲೇ. ತ್ರೇಸ್ಯಾಕುಟ್ಟಿ ಫ್ಲಾಪಿಗಳನ್ನೆಲ್ಲ, ಯಂತ್ರವನ್ನು ಎಬ್ಬಿಸುವುದನ್ನೂ ಸೇರಿಸಿ, ಬಿಸ್ಕತ್ತಿನ ಡಬ್ಬಿಗೆ ತುಂಬಿಕೊಂಡು ಹೋದಳು.

"ಡಬ್ಬಿ ಬೇಡ ಅಕ್ಕಾ, ಒಳಗೆ ಬೆವರ್ತದೆ," ಎಂದಳು ಸೀತು. "ಹಾಗೇ ತೆಗೆದು ಬಿದಿರಿಗೆ ನೇತು ಹಾಕಿ, ನಾಲ್ಕು ಕಡೆಯಿಂದ ಬಿಸಿ ತಾಗ್ಲಿ."

ತೆಳು ಬಟ್ಟೆಯ ಚೀಲದಲ್ಲಿ ಹಾಕಿ, ರಬ್ಬರ್ ಹಾಳೆಗಳ ನಡುವೆ ಇಬ್ಬರೂ ಸೇರಿ ನೇತುಹಾಕಿದರು. ಮೊದಮೊದಲು ದಿನಾ ತೆಗೆದು ನೋಡುವ ಯೋಚನೆ ಇತ್ತು. ಅಷ್ಟರಲ್ಲಿ ಗಾಳಿಗೆ ಮರ ಮುರಿದು ಕಂಬಗಳು ಉರುಳಿದವು, ಮೂರು ವಾರ ಕರೆಂಟ್ ಇಲ್ಲ. ಕರೆಂಟ್ ಇಲ್ಲದೆ ನೋಡುವುದಾದರೂ ಏನನ್ನು? ಭದ್ರವಾಗಿದೆ, ಇರಲಿ ಎಂದು ಬಿಟ್ಟಳು.

ಅಧಿಕಾರಿ ಮೇದಪ್ಪನವರು ಬಂದ ಬೆಳಗ್ಗೆಯೇ ಕರೆಂಟೂ ಬಂತು. ಒಳ್ಳೆಯ ಶಕುನ ಎಂದುಕೊಂಡು ತ್ರೇಸ್ಯಾಕುಟ್ಟಿ ಓಡಿಹೋಗಿ ಚೀಲ ಇಳಿಸಿದಳು. ಬೂಷ್ಟಿನ ಸುಳಿವೂ ಇರಲಿಲ್ಲ. ಆದರೆ ಲಕೋಟೆಗಳು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು, ಮುಟ್ಟಿದರೆ ಬೆರಳಿಗೆ ಜಿಗುಟು ಮಸಿ. ದಪ್ಪ ಪುಸ್ತಕದ ಅಡಿಯಲ್ಲಿಟ್ಟು ಒತ್ತಿದಳು, ಸೆರಗಿನಿಂದ ಒರೆಸಿದಳು, ದೇವಮಾತೆಯನ್ನು ನೆನೆದಳು.

ಯಂತ್ರ ಏಳಲಿಲ್ಲ. ಕರಕರ ಎಂದು ಸದ್ದು ಮಾಡಿ ಸುಮ್ಮನಾಯಿತು. ಮೇದಪ್ಪ ಒಳ್ಳೆಯ ಮನುಷ್ಯ. "ಹೆದರ್ಬೇಡಿ, ಎಬ್ಬಿಸುವ ಫ್ಲಾಪಿ ನನ್ನ ಹತ್ರ ಇನ್ನೊಂದು ಉಂಟು" ಎಂದು ತಮ್ಮ ಚೀಲದಿಂದ ತೆಗೆದು, ಪಕ್ಕದ ಎರಡನೇ ಡ್ರೈವಿನಿಂದ ಯಂತ್ರ ಏಳುವ ಹಾಗೆ ತಂತಿ ಬದಲಿಸಿ, ಅದರ ಸೀಳಿಗೆ ಹಾಕಿದರು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಆಗ ಅವಳಿಗಾದ ಸಂತೋಷವನ್ನು ದೇವರು ಅವಳಿಗೆ ಕೊಡದೇ ಇದ್ದಿದ್ದರೆ ಒಳ್ಳೆಯದಿತ್ತು. ಪಟ್ಟಿಯ ಫ್ಲಾಪಿಗಳನ್ನು ಅದೇ ಸೀಳಿಗೆ ಒಂದೊಂದಾಗಿ ಹಾಕಿದರು. ಮೊದಲನೆಯದು ಓದಲಿಲ್ಲ. ಎರಡನೆಯದು ಒಳಗೇ ಕಚ್ಚಿಕೊಂಡಿತು. ಎಳೆದು ತೆಗೆದು ತಮ್ಮ ಫ್ಲಾಪಿಯನ್ನು ಮತ್ತೆ ಹಾಕಿದರೆ ಅದನ್ನೂ ಯಂತ್ರ ಗುರುತಿಸಲಿಲ್ಲ.

ಮೇದಪ್ಪ ಫ್ಲಾಪಿಯನ್ನು ಮೂಸಿದರು. "ಹೊಗೆ. ಹೆಡ್ಡಿಗೆ ಮಸಿ ಹಿಡಿದಿದೆ. ಇದನ್ನು ಎಲ್ಲಿಟ್ಟಿದ್ರಿ?"

ಕಾರ್ಯದರ್ಶಿ ಚೆನ್ನಪ್ಪನವರಿಗೆ ತಟ್ಟನೆ ಹೊಳೆಯಿತು. ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿದರು. "ಇವಳದ್ದೇ ಕೆಲಸ! ಹೊಗೆಮನೆಯವಳಿಗೆ ಆಫೀಸಿನೊಳಗೆ ಎಂತ ಕೆಲಸ ಅಂತ ನಾನು ಆವತ್ತೇ ಕೇಳಿದ್ದೆ. ನಾಳೆಯಿಂದ ಬರುದು ಬೇಡ ನೀನು."

ಸೀತು ನೆಲ ನೋಡಿದಳು. ಇಟ್ಟದ್ದು ನಾನಲ್ಲ ಎಂದು ಅವಳು ಹೇಳಲಿಲ್ಲ. ಆ ಮೌನವೇ ತ್ರೇಸ್ಯಾಕುಟ್ಟಿಗೆ ತಡೆಯದಾಯಿತು.

"ನಾನೇ ಇಟ್ಟದ್ದು ಸಾರ್. ಒಣ ಜಾಗದಲ್ಲಿ ಇಡ್ಲಿಕ್ಕೆ ಹೇಳಿದ್ರು."

"ಬಿಸಿ, ಹೊಗೆ ಆಗುದಿಲ್ಲ ಅಂತ ಯಾರೂ ಹೇಳ್ಲಿಲ್ವಾ?" ಮೇದಪ್ಪ ಮೆತ್ತಗೆ ಕೇಳಿದರು.

"ಇಲ್ಲ ಸಾರ್."

ಮೇದಪ್ಪ ಯಂತ್ರವನ್ನು ಅದೇ ಜೀಪಿನಲ್ಲಿ ಹಾಕಿಸಿಕೊಂಡು ಹೋದರು. ರಿಪೇರಿಯಾಗಿ ಅದು ಸುಳ್ಯಕ್ಕೆ ಹೋಗುತ್ತದೆ.

ಸೋಮವಾರ ಚೆನ್ನಪ್ಪನವರು ತ್ರೇಸ್ಯಾಕುಟ್ಟಿಯನ್ನು ಕರೆದರು. ಅವರಿಗೂ ಮುಖ ಎತ್ತಲು ಆಗುತ್ತಿರಲಿಲ್ಲ.

"ಕಮಿಟಿಯವರು ತೀರ್ಮಾನ ಮಾಡಿದ್ದಾರೆ ಮಾರಾಯ್ತಿ. ನಾನು ಒಬ್ಬ ಎಂತ ಮಾಡುದು? ಈ ತಿಂಗಳ ಕೊನೆಗೆ ನಿಲ್ಲಿಸುದು ಅಂತ ಒಂದು ಪತ್ರ ಕೊಡ್ಬೇಕು ನಿಂಗೆ." ಮೇಜಿನ ಮೇಲಿನ ಕಾಗದ ಸರಿಸುತ್ತಾ ಹೇಳಿದರು, "ಟೈಪ್ ಮಾಡ್ಲಿಕ್ಕೆ ಬೇರೆ ಯಾರೂ ಇಲ್ಲ."

ಅವಳು ಹೋಗಿ ಟೈಪ್‌ರೈಟರಿನ ಹೊದಿಕೆ ತೆಗೆದಳು. ಎರಡು ಹಾಳೆಗಳ ನಡುವೆ ಕಾರ್ಬನ್ ಸೇರಿಸಿ, ಅಂಚು ಸರಿಪಡಿಸಿ, ಉರುಳಿಗೆ ಸಿಕ್ಕಿಸಿದಳು.

"ಹೇಳಿ ಸಾರ್," ಎಂದಳು.